ಅಕ್ಕೋರ ನೋಟ್‌ಬುಕ್

ಗಬ್ಬೂರಿನ ಬೈಪಾಸ್ ಪಕ್ಕದಲ್ಲಿ ಕಮರುದ್ದೀನನ ಬೈಕ್ ಗ್ಯಾರೇಜು. ಅದರ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ದೊಡ್ಡವರ ಶಾಲೆ. ಕಲಿಯುವವರು ಒಂಬತ್ತು ಹೆಂಗಸರು. ಕಲಿಸುವವಳು ಕರುಣಾ. ಹಲಗೆ ಅವಳೇ ತಂದದ್ದು, ಸೀಮೆಸುಣ್ಣವೂ ಅವಳದೇ. ಶೆಡ್ಡಿಗೆ ಫ್ಯಾನಿಲ್ಲ, ಪಾಯಖಾನೆ ಇಲ್ಲ. ಅದಕ್ಕಾಗಿ ಕರುಣಾ ಮಧ್ಯಾಹ್ನ ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

ಮಂಗಳವಾರ ಪಾಠ ಮುಗಿದ ಮೇಲೆ ಅವಳು ಒಂದು ಮನವಿ ಹಿಡಿದು ಗ್ಯಾರೇಜಿಗೆ ಬಂದಳು. ದೊಡ್ಡವರಿಗೆ ಕಲಿಸುವವರಿಗೆ ತಿಂಗಳ ಗೌರವಧನ ಬೇಕು, ಸರಿಯಾದ ಕೋಣೆ ಬೇಕು ಎಂದು ಬರೆದಿತ್ತು. ಶನಿವಾರದ ವಾರ್ಡ್ ಸಭೆಯಲ್ಲಿ ಅದನ್ನು ಕೊಡಬೇಕಿತ್ತು.

"ಅಣ್ಣಾರ, ಒಂದು ಸಹಿ ಹಾಕ್ರಿ."

ಕಮರುದ್ದೀನ ಓದಿ ನಕ್ಕ. "ಅಕ್ಕೋರ, ನೀವು ಸ್ವಯಂಸೇವಕರಲ್ಲೇನ್ರಿ? ಸೇವಾಕ್ಕ ಪಗಾರ ಎಲ್ಲೈತ್ರಿ? ಅ ಆ ಇ ಈ ಹೇಳೂದು ಏನು ದೊಡ್ಡ ಕಸಬ್ರಿ?"

"ನೀವು ಗಾಡಿ ರಿಪೇರಿ ಮಾಡೂದೂ ಸೇವಾನ ಅಲ್ಲೇನ್ರಿ?"

"ಅದು ಕೈಕೆಲಸ. ಹನ್ನೆರಡು ವರ್ಷ ಕಲ್ತೇನಿ."

ಕರುಣಾ ವಾದಿಸಲಿಲ್ಲ. "ನಾಳಿ ಇಲ್ಲೇ ಬೇಲೂರು ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಗೆ ಹೊಂಟೇನ್ರಿ. ಪ್ಯಾಕಿಂಗ್ ಕೆಲಸ. ಸಿಕ್ರ ಇಲ್ಲಿಗೆ ಬರೂದು ಆಗೂದಿಲ್ಲ. ಮನ್ಯಾಗ ನನ್ನ ದುಡಿಮಿ ಬೇಕಾಗೇತಿ."

ಕಮರುದ್ದೀನ ಸಹಿ ಹಾಕದೆ ಮನವಿಯನ್ನು ವಾಪಸ್ ಕೊಟ್ಟ. ಅವನ ತಾಯಿ ರೆಹಮತ್‌ಬಿಯೂ ಆ ಒಂಬತ್ತು ಜನರಲ್ಲಿ ಒಬ್ಬಳು. ಅರವತ್ತೆರಡನೆಯ ವಯಸ್ಸಿನಲ್ಲಿ ತನ್ನ ಹೆಸರಿನ ಅರ್ಧದವರೆಗೆ ಬಂದಿದ್ದಳು. ಇನ್ನು ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಓಣಿಗೆಲ್ಲ ಹೇಳಿಕೊಂಡಿದ್ದಳು.

"ಅಷ್ಟ ಹೌದಲ್ರಿ? ನಾಳಿ ನಾನ ಹೇಳಿಕೊಡ್ತೇನಿ. ಎಸ್ಸೆಸ್ಸೆಲ್ಸಿ ಪಾಸಾದವ ಅದೇನಿ."

"ಹೇಳಿಕೊಡ್ರಿ. ಮೊದಲ ಇದನ್ನ ಓದ್ಕೊಳ್ರಿ," ಎಂದು ಕರುಣಾ ತನ್ನ ನೋಟ್‌ಬುಕ್ಕನ್ನು ಟೂಲ್‌ಬಾಕ್ಸಿನ ಮೇಲಿಟ್ಟು ಹೋದಳು.

ಅವನು ಓದಲಿಲ್ಲ.

ಮರುದಿನ ಹಲಗೆ ತುಂಬ ಒಂದು ‘ಅ’ ಬರೆದ. ತನ್ನ ಕಾಲದ ಮಾಸ್ತರರಂತೆ ಹಲಗೆ ಬಡಿದ, ಕೈಯಲ್ಲಿದ್ದದ್ದು ಮಾತ್ರ ಸ್ಪ್ಯಾನರು. "ಹೇಳ್ರಿ, ಅ!" ಒಂಬತ್ತು ಜನವೂ ನೆಲ ನೋಡಿದರು. "ಬರೀರಿ ಹಂಗಾರ!" ರೆಹಮತ್‌ಬಿ ಪೆನ್ಸಿಲ್ ಒತ್ತಿದಳು, ಮೊನೆ ಮುರಿಯಿತು. ಇನ್ನೊಂದು ಕೊಟ್ಟ. ಅದೂ ಮುರಿಯಿತು.

"ಏನಮ್ಮಾ, ಪೆನ್ಸಿಲ್ ಹಿಡ್ಯಾಕೂ ಬರಂಗಿಲ್ಲೇನು?"

"ನನಗ ಬರಂಗಿಲ್ಲ ಬಿಡು, ಬೇಟಾ," ಎಂದು ತಾಯಿ ಎದ್ದೇಬಿಟ್ಟಳು.

ಬೀದಿ ಗುಡಿಸುವ ಉಡಚವ್ವ ತಡೆಯಲಾರದೆ ಹೇಳಿದಳು: "ತಮ್ಮಾ, ಹತ್ತು ನಿಮಿಷದಾಗ ಸಾಲಿ ಬಂದ್ ಮಾಡಿದೆಲ್ಲೋ! ಅಕ್ಕೋರ ಪುಸ್ತಕರ ತಗದು ನೋಡು."

ಕಮರುದ್ದೀನ ಸಿಟ್ಟಿನಲ್ಲೇ ಗ್ಯಾರೇಜಿನಿಂದ ನೋಟ್‌ಬುಕ್ ತಂದು ತೆರೆದ. ಒಬ್ಬೊಬ್ಬರಿಗೆ ಒಂದೊಂದು ಪುಟ.

‘ಉಡಚವ್ವ: ಕಸಬರಿಗೆ ಹಿಡಿದು ಅಂಗೈ ಬಿರುಕು ಬಿಟ್ಟಿದೆ. ಮೊದಲು ಮಣ್ಣಿನಲ್ಲಿ ಕಡ್ಡಿಯಿಂದ ಬರೆಸಬೇಕು. ಚಿಕ್ಕಂದಿನಲ್ಲಿ ಶಾಲೆಯ ಹೊರಗೆ ಕೂರಿಸಿದ್ದರಂತೆ. ಇಲ್ಲಿ ಯಾವಾಗಲೂ ಮುಂದಿನ ಸಾಲು.’

ಮುಂದಿನ ಪುಟದಲ್ಲಿ ಅವನ ತಾಯಿ ಇದ್ದಳು.

‘ರೆಹಮತ್‌ಬಿ: ನಲವತ್ತು ವರ್ಷ ಹಳೆಬಟ್ಟೆಯ ಕೌದಿ ಹೊಲಿದ ಕೈ. ಪೆನ್ಸಿಲನ್ನೂ ಸೂಜಿಯಂತೆ ಚುಚ್ಚುತ್ತಾರೆ, ಅದಕ್ಕೇ ಮುರಿಯುತ್ತದೆ. ಅಕ್ಷರ ಮೊದಲು ದಾರದಲ್ಲಿ, ಆಮೇಲೆ ಹಾಳೆಯಲ್ಲಿ. ಎಡಗಣ್ಣು ಮಂದ, ಬಾಗಿಲ ಬೆಳಕಿಗೆ ಕೂರಿಸಬೇಕು. ಬರುವುದಿಲ್ಲ ಎಂದರೆ ನಂಬಬಾರದು. ಅದು ಬೇರೆಯವರು ಕಲಿಸಿದ ಮಾತು.’

ಅವನು ಎರಡು ಸಲ ಓದಿದ. "ಅಮ್ಮಾ, ಎಡಗಣ್ಣು ಕಾಣೂದಿಲ್ಲೇನು?"

"ಎರಡು ವರ್ಷಾತು. ನೀ ಕೇಳಿದ್ದಿಲ್ಲ."

ರೆಹಮತ್‌ಬಿ ಚೀಲದಿಂದ ಒಂದು ಬಟ್ಟೆ ತೆಗೆದು ಹರಡಿದಳು. ಕೆಂಪು ದಾರದಲ್ಲಿ ಅವಳ ಅರ್ಧ ಹೆಸರು ಸಾಲು ಸಾಲಾಗಿತ್ತು. ಮೊದಲ ಸಾಲು ಕುಂಟುತ್ತಿತ್ತು, ಕೊನೆಯದು ನೆಟ್ಟಗೆ ನಿಂತಿತ್ತು. ಕಮರುದ್ದೀನ ಅದರ ಮೇಲೆ ಬೆರಳಾಡಿಸಿದ. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವವನು ಅವನು. ಗಬ್ಬೂರಿನಲ್ಲಿ ಅಂಥ ಕಿವಿ ತನಗೊಬ್ಬನಿಗೇ ಎಂದುಕೊಂಡಿದ್ದ. ಈ ಹುಡುಗಿ ಒಂಬತ್ತು ಜನರ ಕೈ, ಕಣ್ಣು, ಅವಮಾನ ಎಲ್ಲ ಓದಿದ್ದಳು. ಅದೂ ನೀರು ಕುಡಿಯದೆ, ಅವನದೇ ಶೆಡ್ಡಿನಲ್ಲಿ.

ಗುರುವಾರ ಕರುಣಾ ಬಂದಳು. ಕೆಲಸ ಸಿಕ್ಕಿತ್ತು, ಸೋಮವಾರ ಸೇರಬೇಕು.

"ಆ ಮನವಿ ಹಾಳಿ ಕೊಡ್ರಿ, ಅಕ್ಕೋರ," ಎಂದ ಕಮರುದ್ದೀನ. "ನಿನ್ನೆ ನಾ ಅಂದಿದ್ದು ತಪ್ಪರಿ. ಇದು ಕಸಬ. ನನ್ನ ಕಸಬಿಗಿಂತ ದೊಡ್ಡದು."

"ನೀವಂದಿದ್ದು ಮೊನ್ನೆರಿ," ಎಂದು ಕರುಣಾ ನಕ್ಕು ಮನವಿ ಕೊಟ್ಟಳು. ಅವನು ಸಹಿ ಹಾಕಿದ.

"ನನಗೂ ಕೊಡ್ರಿ," ಎಂದು ರೆಹಮತ್‌ಬಿ ಬಾಗಿಲ ಬೆಳಕಿಗೆ ಕೂತಳು. ಅರ್ಧ ಹೆಸರು ಬರೆದು ನಿಲ್ಲಿಸಿದಳು. ಕರುಣಾ ಅವಳ ಕೈ ಹಿಡಿಯಲಿಲ್ಲ. ಖಾಲಿ ಬೆರಳಿನಿಂದ ಗಾಳಿಯಲ್ಲಿ ಹೊಲಿಗೆ ಹಾಕಿ ತೋರಿಸಿದಳು, ಅಷ್ಟೇ. ಪೆನ್ಸಿಲ್ ಮೆಲ್ಲಗೆ ಸರಿಯಿತು. ಹೆಸರು ಪೂರ್ತಿಯಾಯಿತು. ಮೊನೆ ಮುರಿಯಲಿಲ್ಲ.

"ಒಂದು ಕೌದಿ ಹೊಲಿಯೂವಷ್ಟು ಹೊತ್ತಾತು ಯಕ್ಕಾ," ಎಂದಳು ಉಡಚವ್ವ, "ಆದರ ಛಲೋ ಆತು."

ಶನಿವಾರದ ಸಭೆಯಲ್ಲಿ ಕಮರುದ್ದೀನ ಆ ಬಟ್ಟೆಯನ್ನು ಎತ್ತಿ ಹಿಡಿದು ಮಾತಾಡಿದ. ಬೇಡಿಕೆಯನ್ನು ನಡಾವಳಿಯಲ್ಲಿ ಬರೆದುಕೊಂಡರು. ಗೌರವಧನ ಇನ್ನೂ ಬಂದಿಲ್ಲ. ಕರುಣಾ ಬೇಲೂರಿಗೆ ಹೋಗುತ್ತಿದ್ದಾಳೆ. ಭಾನುವಾರ ಮಾತ್ರ ಕಲಿಸುತ್ತಾಳೆ. ಅವತ್ತು ಕಮರುದ್ದೀನನ ಮನೆಯ ಪಾಯಖಾನೆ ಅವಳಿಗೆ ತೆರೆದಿರುತ್ತದೆ, ಕುಡಿಯಲು ಒಂದು ತಂಬಿಗೆ ನೀರೂ ಇರುತ್ತದೆ.

ನಿಮ್ಮ ಓಣಿಯಲ್ಲೂ ಇಂಥ ಒಬ್ಬರು ದೊಡ್ಡವರಿಗೆ ಕಲಿಸುತ್ತಿರಬಹುದು. ಒಂದು ದಿನ ಹೋಗಿ ಹಿಂದೆ ಕೂತು ನೋಡಿ. ಅವರಿಗೆ ಏನು ಸಿಗುತ್ತದೆ, ಎಲ್ಲಿ ಕೂರುತ್ತಾರೆ, ಕೇಳಿ. ಆಮೇಲೆ ವಾರ್ಡ್ ಸಭೆಗೆ, ಗ್ರಾಮಸಭೆಗೆ ಹೋಗಿ ಎದ್ದು ನಿಂತು ಹೇಳಿ: ಇದು ಕಸಬು, ಇದಕ್ಕೆ ಸರ್ಕಾರ ಹಣ ಇಡಬೇಕು. ಒಂದು ಸಲ ಹೇಳಿ ಬಿಡಬೇಡಿ. ಕರುಣಾಳ ನೋಟ್‌ಬುಕ್ ಈಗ ವಾರಕ್ಕೊಮ್ಮೆ ತೆರೆಯುತ್ತದೆ. ಉಳಿದ ಆರು ದಿನ ಒಂಬತ್ತು ಪುಟಗಳು ಮುಚ್ಚಿಕೊಂಡೇ ಇರುತ್ತವೆ.