ಹೆಗಲು ಕೊಡೋರು

ಜಿಜಾಬಾಯಿ ತುಂಬಿದ ಕೊಡಾ ಝಾಡಿಸಿ ಒದ್ದಳು. ಹೆಣಕ್ಕ ಜಳಕ ಹಾಕಾಕ ನಿಂತ ಗಂಡಸರು ಹಿಂದ ಸರದ್ರು.

"ತಲಿ ಕೆಟ್ಟದೇನ ಅಕ್ಕಾ?" ಮಗ್ಗಲ ಮನಿ ಪಂಡರಿ ಚೀರಿದ. "ನಿನ್ನ ಗಂಡನ ಜಳಕದ ನೀರದು!"

"ಯಾರ ಟ್ಯಾಂಕರಿಂದು? ಬಾಯಿ ಬಿಟ್ಟು ಹೇಳು."

ಪಂಡರಿ ಹಿಂದ ಹೊಳ್ಳಿ ನೋಡಿದ. ಓಣಿ ತುದ್ಯಾಗ ಟ್ಯಾಂಕರ್ ನಿಂತಿತ್ತು. ಅದರ ಮಗ್ಗಲಾಗ ನೀರಿನ ಕೆಲಸದ ಓವರ್ಸಿಯರ್ ವೈಜಿನಾಥ, ಕೈಯಾಗ ಹೂವಿನ ಹಾರ. ಗ್ವಾಡಿಗೆ ಆನಿಸಿ ಕೂಡಿಸಿದ ಮಹಾರುದ್ರಪ್ಪನ ಹೆಣದ ಹಣಿಗೆ ಇನ್ನ ಈಬತ್ತಿ ಹಚ್ಚಿರಲಿಲ್ಲ.

*

ಹುಮನಾಬಾದ್ ಬಸ್‌ಸ್ಟ್ಯಾಂಡಿನ ಬಾಜೂ ಸೈಕಲ್ ಪಂಕ್ಚರ್ ಹಾಕೋ ಮನಷಾ ಮಹಾರುದ್ರಪ್ಪ, ಯಾರ ಗೊಡವಿಗೂ ಹೋದವನಲ್ಲ. ಆದ್ರ ಓಣಿಗೆ ಮಂಜೂರಾದ ಸರ್ಕಾರಿ ಬೋರು ವೈಜಿನಾಥನ ಮಾವನ ಅಂಗಳದಾಗ ಬಿತ್ತು, ಗೇಟಿಗೆ ಕೀಲಿನೂ ಬಿತ್ತು. ಬೆಂಗಳೂರಾಗ ಲೋಕಾಯುಕ್ತ ಅಂತ ಹೊಸಾ ಕಚೇರಿ ಆಗೇದ, ಸರ್ಕಾರಿ ನೌಕರನ ಮ್ಯಾಲೂ ದೂರು ತಗೋತಾರ ಅಂತ ಕೇಳಿ, ದೂರು ಹಾಕೇಬಿಟ್ಟ.

ತಪಾಸಣಿ ಸಾಹೇಬರು ಕಲ್ಯಾಣದ ಸರ್ಕಾರಿ ಬಂಗ್ಲಾಕ್ಕ ಬಂದು, ಓಣಿಯವರನ್ನ ಸಾಕ್ಷಿಗೆ ಅಲ್ಲಿಗೇ ಕರಸಿದ್ರು. ಹಿಂದಿನ ಸಂಜಿನೇ ವೈಜಿನಾಥ ಓಣಿಗೆ ಟ್ಯಾಂಕರ್ ಕಳಸಿದ್ದ. ಸಾಕ್ಷಿಗೆ ಹೋದವರು ಎಲ್ಲಾರೂ ತಲಿ ಕೆಳಗ ಹಾಕಿ, "ನೀರಿಗೇನ ತ್ರಾಸಿಲ್ರಿ ಸಾಹೇಬ್ರ" ಅಂದ್ರು.

"ದೂರು ನಾ ಮುಚ್ಚಂಗಿಲ್ಲ," ಅಂದ್ರು ಸಾಹೇಬರು. "ಸೋಮವಾರ ನಾನೇ ಬಂದು ನೋಡ್ತೀನಿ. ಬೋರು ಎಲ್ಲದ ಅಂತ ಓಣಿಯವರು ನಿಂತು ತೋರಸಬೇಕು."

ಮನಿಗೆ ಬಂದ ಮಹಾರುದ್ರಪ್ಪ, "ಜಿಜಾ, ನನ್ನ ಸುಳ್ಳಬುರುಕ ಮಾಡಿದ್ರು" ಅಂದ. ಮರುದಿನ ಅಂಗಡ್ಯಾಗೇ ಎದಿ ಹಿಡ್ಕೊಂಡು ಕುಸದ.

*

ಮನಿ ಹಂಡ್ಯಾಗ ಉಳಿದಿದ್ದ ನೀರಿನ್ಯಾಗೇ ಜಳಕ ಮುಗೀತು. ಮೈಗೆಲ್ಲ ಈಬತ್ತಿ ಬಳದು, ಹೆಣ ಹೊರಾಕ ಬೊಂಬಿಗೆ ಹೂವು ಕಟ್ಟಿ ಮಾಡಿದ ವಿಮಾನದಾಗ ಕೂಡಿಸಿದ್ರು. ಆವಾಗ ವೈಜಿನಾಥ ಹಾರ ಹಿಡಕೊಂಡು ಮುಂದ ಬಂದ.

"ಹೋದವರು ಹೋದ್ರವ್ವಾ. ಸಾಹೇಬ್ರು ಬಂದ್ರ ತಕರಾರಿಲ್ಲ ಅಂದುಬಿಡ್ರಿ. ಓಣಿಗೆ ದಿನಾ ಟ್ಯಾಂಕರ್ ಕಳಸ್ತೀನಿ."

"ನನ್ನ ಗಂಡನ್ನ ತಿಂದು ನೀರು ಕುಡಸಾಕ ಬಂದಿಯೇನೋ? ಹಾರ ನಿನ್ನ ಮಾವನ ಗೇಟಿಗೆ ಹಾಕು, ನಡಿ!"

ಆಮ್ಯಾಲ ಮಂದಿ ಕಡಿ ತಿರುಗಿದಳು. "ನೀವೂ ಕೇಳ್ರಿ. ಕಲ್ಯಾಣದಾಗ ಇವನ್ನ ಸುಳ್ಳ ಮಾಡಿ ಬಂದ್ರಿ. ಸೋಮವಾರ ಖರೇ ಹೇಳೋರು ಹೆಗಲು ಕೊಡ್ರಿ. ಇಲ್ಲಂದ್ರ ಮುಟ್ಟಬ್ಯಾಡ್ರಿ."

"ದಿನಾ ಟ್ಯಾಂಕರ್ ಅಂದ್ರ ಸಣ್ಣ ಮಾತಲ್ಲಕ್ಕಾ..." ಪಂಡರಿ ಗೊಣಗಿದ.

ಯಾರೂ ಮುಂದ ಬರಲಿಲ್ಲ. ಎದುರ ಮನಿ ಕುಲ್ಸುಮ್ ಬೀ ಸೆರಗು ಸೊಂಟಕ್ಕ ಸಿಗಿಸಿದಳು.

"ಸುಳ್ಳ ಹೇಳಿದ್ದು ಇದೇ ಬಾಯಿ. ಖರೇನೂ ಇದೇ ಹೇಳ್ತದ. ದ್ರೌಪತಿ, ಬಾರೇ, ಆ ಕಡಿ ಹಿಡಿ."

"ಹೆಂಗಸರು ಹೊರಬಾರ್ದು!" ಯಾರೋ ಒದರಿದ್ರು.

"ಹಂಗಾರ ನೀವು ಹೊರ್ರಲಾ!" ಅನಕೋತ ಓಣಿ ಹೆಂಗಸರ ನಡುವಿಂದ ದ್ರೌಪತಿ ಬಂದಳು.

ಇಬ್ಬರೂ ಮುಂದಿನ ಬೊಂಬಿಗೆ ಹೆಗಲು ಕೊಟ್ಟು ಎದ್ರು. ಹಿಂದಿನ ಬೊಂಬು ನೆಲದ ಮ್ಯಾಲೇ ಇತ್ತು. ಕೂತಿದ್ದ ಮಹಾರುದ್ರಪ್ಪ ಹಿಂದಕ್ಕ, ಗಂಡಸರ ಮೈಮ್ಯಾಲೇ ವಾಲಿದ. ಪಂಡರಿ ಗಬಕ್ಕನ ಎರಡೂ ಕೈ ಕೊಟ್ಟು ತಡದ. ಬಿಟ್ರ ಹೆಣ ಬೀಳ್ತದ, ಹಿಡದ್ರ ಸೋಮವಾರ ಖರೇ ಹೇಳಬೇಕು. ಕೈ ತಗೀಲಿಲ್ಲ ಅವ. ಅಂಗೈಗೆಲ್ಲ ಈಬತ್ತಿ ಮೆತ್ತಿತ್ತು. ಜಿಜಾಬಾಯಿ ಅವನ ಮಾರೀನೇ ನೋಡಾಕತ್ತಿದ್ದಳು.