ಸೆನೆಟರಿಗೆ ಕಟ್ಟಿದ ಪೇಟ

ಶನಿವಾರದ ಟಪಾಲಿನಲ್ಲಿ, ಗ್ರೋಸರಿ ಅಂಗಡಿಯ ಜಾಹೀರಾತುಗಳ ನಡುವೆ, ಅರವಿಂದನ ಫೋಟೋ ಬಂತು. ದಪ್ಪ ಕಾಗದ, ಮಿರಮಿರ ಮಿಂಚುವ ಬಣ್ಣ. ಹಿಂದೊಮ್ಮೆ ಕನ್ನಡ ಸಂಘದ ಸ್ಟೇಜಿನ ಮೇಲೆ ತೆಗೆದದ್ದು. ಮಧ್ಯೆ ಸೆನೆಟರ್ ವಿಟ್ಲಾಕ್, ಆರಡಿ ನಾಲ್ಕಿಂಚಿನ ಆಳು, ತಲೆಯ ಮೇಲೆ ಮೈಸೂರು ಪೇಟ. ಪಕ್ಕದಲ್ಲಿ ಸೊಂಟ ಬಗ್ಗಿಸಿ, ಇನ್ನೇನು ಅವರ ಬೂಟು ಮುಟ್ಟುವವನಂತೆ ಅರವಿಂದ. ಕೆಳಗೆ ಬರೆದಿತ್ತು: 'ನಿಮ್ಮ ನೆರೆಯವರು ವಿಟ್ಲಾಕ್ ಜೊತೆಗಿದ್ದಾರೆ. ಜೂನ್ ಪ್ರೈಮರಿ ಚುನಾವಣೆಯಲ್ಲಿ ನೀವೂ ಜೊತೆಗಿರಿ.' ಸಾಂಟಾ ಕ್ಲಾರಾದ ಮನೆಮನೆಗೂ ಹೋದ ಮೇಲೆ ಇದನ್ನು ಬಚ್ಚಿಡುವುದೆಲ್ಲಿ?

ಮಗಳು ನಿಹಾರಿಕಾ ಮೊದಲು ನೋಡದೇ ಇದ್ದಿದ್ದರೆ ಅವನು ನಕ್ಕು ಸುಮ್ಮನಾಗುತ್ತಿದ್ದನೇನೋ. ಅವಳು ಎರಡು ತಿಂಗಳಿಂದ, ವಿಟ್ಲಾಕ್ ಎದುರು ನಿಂತ ಮರಿಸೋಲ್ ಒರ್ಟಿಸ್ ಎಂಬ ನರ್ಸಮ್ಮನ ಪರವಾಗಿ ಊರೆಲ್ಲ ಬಾಗಿಲು ತಟ್ಟುತ್ತಿದ್ದಾಳೆ. ಬಾಡಿಗೆ ಏರಿಕೆಗೆ ಮಿತಿ ಹಾಕುವ ಮಸೂದೆಯನ್ನು ವಿಟ್ಲಾಕ್ ತನ್ನ ಕಮಿಟಿಯಿಂದ ಆಚೆಗೇ ಬಿಡಲಿಲ್ಲ. ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಇನ್ನೂ ಮೂವರ ಜೊತೆ ಇಕ್ಕಟ್ಟಿನಲ್ಲಿ ಬದುಕಿ, ವಾರದ ಕೊನೆಗಷ್ಟೇ ಅಪ್ಪನ ಮನೆಗೆ ಬರುವ ಹುಡುಗಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ.

"ಸೀರಿಯಸ್ಲಿ, ಅಪ್ಪಾ?"

"ಪಿನ್ನು ಬಿದ್ದಿತ್ತು ಕಣೇ. ಪೇಟದ್ದು. ಹುಡುಕ್ತಿದ್ದೆ."

"ವೆರಿ ಕನ್ವೀನಿಯೆಂಟ್ ಪಿನ್," ಎಂದು ಅವಳು ಮಹಡಿ ಹತ್ತಿ ಹೋದಳು.

"ಆ ಫೋಟೋ ನೋಡಿದ್ರೆ ನಾನೂ ನಂಬ್ತಿರಲಿಲ್ಲ ಬಿಡಿ," ಎಂದಳು ಹೆಂಡತಿ ಪ್ರಭಾ.

ದೊಡ್ಡವರ ಮುಂದೆ ಬಗ್ಗುವ ಮನುಷ್ಯ ನಮ್ಮಪ್ಪ ಎಂದು ಮಗಳು ತೀರ್ಮಾನಿಸಿಬಿಟ್ಟಳಲ್ಲ, ಅದನ್ನು ಅರವಿಂದನಿಂದ ತಡೆದುಕೊಳ್ಳಲಾಗಲಿಲ್ಲ. ಇಪ್ಪತ್ತು ವರ್ಷದಿಂದ ಕನ್ನಡ ಸಂಘದ ಸ್ಟೇಜು ಹತ್ತಿದವರಿಗೆಲ್ಲ ಪೇಟ ತೊಡಿಸುತ್ತ ಬಂದವನು ಅವನು. ಹಾಡಿದವರಿಗೆ, ಭಾಷಣ ಕೊರೆದವರಿಗೆ, ಒಮ್ಮೆ ಊಟದ ಗುತ್ತಿಗೆ ಹಿಡಿದವರಿಗೂ ತೊಡಿಸಿದ್ದ. ಅದು ಅತಿಥಿಗೆ ಕೊಡುವ ಮರ್ಯಾದೆ. ಅದನ್ನು ಬೆಂಬಲ ಎಂದು ಅಚ್ಚು ಹಾಕಿ ಹಂಚಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

ಸಂಜೆ ಸಂಘದ ಅಧ್ಯಕ್ಷ ರಘೋತ್ತಮನ ಫೋನು. "ಏನಯ್ಯಾ, ಮನೆಮನೆಗೂ ಬಂದ್ಬಿಟ್ಟೆ! ನಾಳೆ ಅಲ್ಲ, ಮುಂದಿನ ಭಾನುವಾರ ವಸಂತೋತ್ಸವಕ್ಕೆ ಸೆನೆಟರ್ ಬರ್ತಿದಾರೆ. ಪೇಟ ನಿಂದೇ."

"ಒರ್ಟಿಸ್ ಅವರನ್ನೂ ಕರಿಯೋ ರಘು."

"ಬರ್ಲಿ, ಬಿಸಿಬೇಳೆಬಾತ್ ತಿನ್ಲಿ. ಸ್ಟೇಜು ಮಾತ್ರ ಇಲ್ಲ. ನಮ್ಮ ಮಕ್ಕಳ ಕನ್ನಡ ಕ್ಲಾಸಿಗೆ ಹೈಸ್ಕೂಲಲ್ಲಿ ಕ್ರೆಡಿಟ್ಟು ಕೊಡಿಸಿದ್ದು ಯಾರು, ಮರೆತ್ಯಾ?"

ಮರೆತಿರಲಿಲ್ಲ. ನಿಹಾರಿಕಾಳಿಗೂ ಕನ್ನಡ ಕಲಿತದ್ದಕ್ಕೆ ಶಾಲೆಯ ಲೆಕ್ಕದಲ್ಲಿ ಆ ಕ್ರೆಡಿಟ್ಟು ಸಿಕ್ಕಿತ್ತು. ಸಂಘದ ವಾಟ್ಸಾಪ್ ಗುಂಪು ಆ ವಾರವಿಡೀ ಇದೇ ವಿಷಯಕ್ಕೆ ಎರಡು ಹೋಳಾಗಿ ಕಿತ್ತಾಡುತ್ತಿತ್ತು, ಮತ್ತು ಎರಡೂ ಕಡೆಯವರು ಹೇಳುತ್ತಿದ್ದುದು ನಿಜವೇ ಆಗಿತ್ತು.

ಸಾಮಾನ್ಯವಾಗಿ ಅರವಿಂದ ಮನೆಯಲ್ಲೇ ಮಂಡಿಯ ಮೇಲೆ ಪೇಟ ಸುತ್ತಿ ಸಿದ್ಧಮಾಡಿ ಒಯ್ಯುತ್ತಿದ್ದ. ಸ್ಟೇಜಿನ ಮೇಲೆ ಟೋಪಿಯ ಹಾಗೆ ಇಟ್ಟರೆ ಮುಗಿಯಿತು. ವಿಟ್ಲಾಕರ ದೊಡ್ಡ ತಲೆಗೆ ಅದು ಸಾಲದೆ ಜಾರಿದ್ದರಿಂದಲೇ ಹೋದ ಸಲ ಪಿನ್ನು ಬಿದ್ದದ್ದು. ಈ ಸಲ ಅವನು ಬರೀ ರೇಷ್ಮೆ ಬಟ್ಟೆ ಮಡಿಸಿಕೊಂಡು ಹೋದ. ಮೈಸೂರಿನಲ್ಲಿ ಅವನ ಸೋದರಮಾವ ಮದುವೆ ಗಂಡುಗಳಿಗೆ ಕಟ್ಟುತ್ತಿದ್ದ ಹಾಗೆ, ತಲೆಯ ಮೇಲೆಯೇ ಸುತ್ತು ಸುತ್ತಾಗಿ ಕಟ್ಟುವುದು. ಹಾಗೆ ಕಟ್ಟಿಸಿಕೊಳ್ಳುವವನು ಕುರ್ಚಿಯಲ್ಲಿ ಕೂತು ಕತ್ತು ಬಗ್ಗಿಸಿರಬೇಕು. ಬೇಕೆಂದೇ ಮಾಡಿದನೇ ಎಂದರೆ, ಹೌದು, ಬೇಕೆಂದೇ ಮಾಡಿದ.

ಭಾನುವಾರ ಸ್ಟೇಜಿನ ಮೇಲೆ, "ಸರ್, ತಲೆ ಸ್ವಲ್ಪ ಬಗ್ಗಿಸಿ," ಎಂದ. ಸೆನೆಟರ್ ಬಗ್ಗಿಸಿದರು. ರಘೋತ್ತಮ ಗಡಿಯಾರ ನೋಡಿಕೊಂಡ. ಹಿಂದಿನ ಸಾಲಿನಲ್ಲಿ ನಿಹಾರಿಕಾ ಫೋನು ಎತ್ತಿ ಹಿಡಿದಿದ್ದಳು.

ಮೊದಲ ಸುತ್ತಿನಲ್ಲಿ ಅರವಿಂದನಿಗೆ ಒಳಗೊಳಗೇ ಖುಷಿ. ಮೂರನೆಯ ಸುತ್ತಿಗೆ ಅವನ ಕಣ್ಣು ಅವರ ಕತ್ತಿನ ಮೇಲೆ ಬಿತ್ತು. ತೆಳ್ಳನೆಯ ಬಿಳಿ ಕೂದಲು, ಕಿವಿಯ ಹಿಂದೆ ಬೆವರು, ಒಂದು ಸಣ್ಣ ಬ್ಯಾಂಡೇಜು. ಆ ಮನುಷ್ಯ ಕಣ್ಣು ಮುಚ್ಚಿ, ಕ್ಷೌರಕ್ಕೆ ಕೂತ ಮಗುವಿನ ಹಾಗೆ ಅಲುಗದೆ ಕೂತಿದ್ದರು. ತಾನು ಮಾಡಿದ್ದಕ್ಕೆ ಅರವಿಂದನಿಗೆ ನಾಚಿಕೆಯಾಯಿತು. ಉಳಿದ ಸುತ್ತುಗಳನ್ನು ಮೆಲ್ಲಗೆ, ಬಟ್ಟೆ ಎಳೆಯದ ಹಾಗೆ ಕಟ್ಟಿದ. ಪಿನ್ನು ಬೇಕಾಗಲಿಲ್ಲ.

ಊಟದ ಸಾಲಿನಲ್ಲಿ ನಿಹಾರಿಕಾ ಓಡಿ ಬಂದು ಫೋನು ಹಿಡಿದಳು. ಫೋಟೋದಲ್ಲಿ ಸೆನೆಟರ್ ತಲೆ ತಗ್ಗಿಸಿದ್ದಾರೆ, ಅರವಿಂದ ನೆಟ್ಟಗೆ ನಿಂತಿದ್ದಾನೆ. "ಅಮೇಜಿಂಗ್, ಅಪ್ಪಾ! ನಮ್ಮ ಕ್ಯಾಂಪೇನಿಗೆ ಕಳಿಸ್ತೀನಿ. ಎಲ್ಲಾರ ಮನೆಗೂ ಹೋಗ್ಬೇಕು," ಎಂದಳು ತನ್ನ ಎಂದಿನ ಇಂಗ್ಲಿಷಿನಲ್ಲಿ.

ಒಂದು ವಾರದಿಂದ ಸರಿಯಾಗಿ ಮಾತಾಡದ ಮಗಳು ಈಗ ನಗುತ್ತ ಎದುರು ನಿಂತಿದ್ದಳು. ಹೂಂ ಅಂದುಬಿಡೋಣ ಎನ್ನಿಸಿತು ಅವನಿಗೆ.

"ಬೇಡ ಕಣೇ," ಎಂದ. "ಅವರು ನನಗೆ ಬಗ್ಗಿದ್ದಲ್ಲ. ಪೇಟ ಕಟ್ಟಲಿ ಅಂತ ಬಗ್ಗಿದ್ದು. ಕಳಿಸಿದ್ರೆ ಸುಳ್ಳು ಹೇಳಿದ ಹಾಗಾಗುತ್ತೆ."

ನಿಹಾರಿಕಾ ಫೋಟೋ ನೋಡಿದಳು, ಅಪ್ಪನನ್ನು ನೋಡಿದಳು. ಅವಳ ನಗು ನಿಂತಿತು. ಅಪರೂಪಕ್ಕೆ, ತಡವರಿಸುತ್ತ ಕನ್ನಡದಲ್ಲೇ ಕೇಳಿದಳು. "ಪಿನ್ನು... ನಿಜವಾಗ್ಲೂ ಬಿದ್ದಿತ್ತಾ?"

"ಬಿದ್ದಿತ್ತು."

"ಸಾರಿ, ಅಪ್ಪಾ," ಎಂದು ಅವನ ತೋಳಿಗೆ ಒರಗಿ, ಅವನೆದುರೇ ಫೋಟೋ ಅಳಿಸಿದಳು. ಅರವಿಂದನ ಕಣ್ಣು ತುಂಬಿತು. ಬಿಸಿಬೇಳೆಬಾತಿನ ಹಬೆಯೆಂದು ಒರೆಸಿಕೊಂಡ.

ಮನೆಗೆ ಬಂದವನು ಅಂಚೆಯಲ್ಲಿ ಬಂದಿದ್ದ ಬ್ಯಾಲೆಟ್ಟು ತೆಗೆದು ಅಡುಗೆಮನೆಯ ಮೇಜಿನ ಮೇಲೆ ಹರಡಿದ. ಕ್ರೆಡಿಟ್ಟು ನೆನಪಾಯಿತು, ಕತ್ತಿನ ಬ್ಯಾಂಡೇಜು ನೆನಪಾಯಿತು, ನಾಲ್ವರು ಹುಡುಗಿಯರು ಹಾಸಿಗೆ ಒತ್ತೊತ್ತಿಗೆ ಹಾಕಿಕೊಂಡು ಮಲಗುವ ಆ ಅಪಾರ್ಟ್‌ಮೆಂಟೂ ನೆನಪಾಯಿತು. ಒರ್ಟಿಸ್ ಹೆಸರಿನ ಎದುರಿನ ಖಾಲಿ ವೃತ್ತವನ್ನು ಪೆನ್ನಿನಿಂದ ನಿಧಾನವಾಗಿ ತುಂಬಿ, ಲಕೋಟೆಗೆ ಸಹಿ ಹಾಕಿದ. ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದ ಮಗಳು ಯಾರಿಗೆ ಎಂದು ಕೇಳಲಿಲ್ಲ. ಅವನೂ ಹೇಳಲಿಲ್ಲ.