ಕೋಳಿಮರಿಗೆ ಒಂದಕ್ಕೆ ನಾಲ್ಕು

ಹಿತ್ತಿಲ ಮೆಟ್ಟಿಲಲ್ಲಿ ಜಾರಿ ಬಿದ್ದು ಮೇಸ್ತ್ರಿಯ ಹೆಂಡತಿ ಕಾಲು ಮುರಿದುಕೊಂಡಾಗ, ಅವಳ ಕೋಳಿಮರಿಗಳಿಗೆ ರೆಕ್ಕೆಯ ತುದಿಯಲ್ಲಷ್ಟೇ ಗರಿ ಮೂಡಿತ್ತು. ಆ ಮೆಟ್ಟಿಲು ಕಟ್ಟಿದವನು ಮೇಸ್ತ್ರಿಯೇ. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತೆತ್ತಲಿಲ್ಲ. ಎತ್ತದೆ ಇದ್ದದ್ದೇ ಅವನನ್ನು ಹೆಚ್ಚು ಚುಚ್ಚುತ್ತಿತ್ತು. ಆಸ್ಪತ್ರೆಯಿಂದ ಬಂದ ದಿನ ಅವನು ಅವಳ ಕಾಲಿನ ಪ್ಲಾಸ್ಟರನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಕೆಲಸ ಒಂದೇ ಸಮ ಇಲ್ಲ, ಹಿಮ್ಮಡಿಯ ಹತ್ತಿರ ದಪ್ಪವಾಗಿದೆ ಎಂದ. ಹೆಂಡತಿ ಅವನನ್ನೇ ದಿಟ್ಟಿಸಿದಳು. ಅವನು ಮರಿಗಳನ್ನು ನೋಡಿಬರುತ್ತೇನೆಂದು ಹಿತ್ತಿಲಿಗೆ ನಡೆದ.

ಅಡುಗೆ ಹೇಗೋ ನಡೆಯುತ್ತದೆ, ಮರಿಗಳನ್ನು ಇವನ ಕೈಗೆ ಒಪ್ಪಿಸುವುದೇ ಅವಳ ಚಿಂತೆಯಾಗಿತ್ತು. ಒಂದು ಮರಿ ಮಂಕಾದರೂ ಅಕ್ಕನನ್ನು ಕರೆಸಿಕೊಳ್ಳುತ್ತೇನೆ, ಕಾಲು ಕೂಡುವ ತನಕ ಅವಳು ಇಲ್ಲೇ ಇರಲಿ ಎಂದು ಮಂಚದ ಮೇಲಿಂದಲೇ ಹೇಳಿಬಿಟ್ಟಳು. ಹಿಂದಿನ ಸಲ ಬಂದಿದ್ದಾಗ ಈ ಅತ್ತಿಗೆ ಮೇಸ್ತ್ರಿಯ ಕರಣೆ, ಮಟ್ಟಗೋಲು, ತೂಗುಗುಂಡನ್ನೆಲ್ಲ ಸೋಪು ಹಾಕಿ ತೊಳೆದು, ಒರೆಸಿ, ಯಾರ ಕಣ್ಣಿಗೂ ಬೀಳದ ಕಡೆ ಎತ್ತಿಟ್ಟಿದ್ದಳು. ಚಹಾ ಕೇಳಿದರೆ ಮೊದಲು ಸ್ನಾನ ಎನ್ನುತ್ತಿದ್ದಳು. ಹಾಗಾಗಿ ಮರಿಗಳ ಆರೋಗ್ಯ ಈಗ ಅವನದೇ ಆರೋಗ್ಯವಾಯಿತು.

ಹೆಂಡತಿಯ ಕಟ್ಟಳೆ ಚಿಕ್ಕದು: ಅಂಗಡಿಯಿಂದ ತಂದ ಮರಿಪುಡಿ, ನೀರು, ಅಷ್ಟೇ. ಮೇಸ್ತ್ರಿ ಕೆಲವು ದಿನ ಹಾಗೆಯೇ ನಡೆದುಕೊಂಡ. ಆಮೇಲೆ ಅವನಿಗೆ ಕರುಳು ಚುರುಕ್ ಎನ್ನತೊಡಗಿತು. ಬೆಳಿಗ್ಗೆ ಪುಡಿ, ಸಂಜೆ ಪುಡಿ. ಜೈಲಿನಲ್ಲೂ ಇದಕ್ಕಿಂತ ಬದಲಾವಣೆ ಇರುತ್ತದೆ ಅನ್ನಿಸಿತು. ಒಂದು ದಿನ ಎಳೆ ಹುಲ್ಲು ಹಾಕಿದ. ಮರುದಿನ ಒಡೆದ ಜೋಳದ ನುಚ್ಚು ಹಾಕಿದ. ಅವನ ಕಾಲಸಪ್ಪಳ ಕೇಳಿದರೆ ಸಾಕು, ಮರಿಗಳು ಒಂದರ ಮೇಲೊಂದು ಬಿದ್ದು ಓಡಿಬರತೊಡಗಿದವು. ಅವನ ಕೈಕೆಳಗಿನ ಕೂಲಿಯವರು ಯಾವತ್ತೂ ಹಾಗೆ ಓಡಿಬಂದವರಲ್ಲ. ಹೆಂಡತಿಗೆ ಈ ವಿಷಯ ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ.

ಆಮೇಲೊಂದು ಬೆಳಿಗ್ಗೆ ಎಲ್ಲಕ್ಕಿಂತ ಸಣ್ಣ ಮರಿ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ನಿಂತಿತ್ತು. ಎತ್ತಿ ನೋಡಿದರೆ ಕೊರಳ ಬುಡದ ಮೇವಿನ ಚೀಲ ಗೋಲಿಯ ಹಾಗೆ ಗಟ್ಟಿಯಾಗಿತ್ತು. ಮೇಸ್ತ್ರಿ ಒಳಗೆ ಬಂದು, ಕಿಟಕಿಯ ಕಡೆ ನೋಡುತ್ತ, ಕೋಳಿಮರಿಗೆ ಮರಳು ಹಾಕುತ್ತಾರಂತಲ್ಲ, ಯಾವಾಗ ಹಾಕುವುದು ಎಂದು ಕೇಳಿದ.

"ಪುಡಿ ಒಂದೇ ತಿಂತಿದ್ರೆ ಬೇಡ. ಅದು ನೀರಲ್ಲಿ ನೆಂದು ತಾನೇ ಕರಗುತ್ತೆ" ಎಂದಳು ಹೆಂಡತಿ. "ಸೊಪ್ಪು, ಕಾಳು ಶುರು ಮಾಡಿದ್ರೆ ಬೇಕೇ ಬೇಕು. ಹಲ್ಲಿಲ್ವಲ್ಲ ಅವಕ್ಕೆ, ಹೊಟ್ಟೇಲಿ ಅರೆಯೋಕೆ ಕಲ್ಲು ಬೇಕು. ಯಾಕೆ, ಏನಾದ್ರೂ ಹಾಕಿದ್ರಾ?"

"ಸುಮ್ನೆ ಕೇಳ್ದೆ ಕಣೆ."

ಹೇಗೆ ಕೊಡಬೇಕೆಂದು ಅವಳು ಹೇಳುವಷ್ಟರಲ್ಲಿ ಅವನು ಹಿತ್ತಿಲು ಸೇರಿದ್ದ. ಮರಳಿನ ವಿಷಯದಲ್ಲಿ ಅವನಿಗೆ ಪಾಠ ಹೇಳುವವರು ಯಾರು? ಅವನು ಮರಳು ಜರಡಿ ಹಿಡಿದ, ದಪ್ಪ ಕಲ್ಲು ತೆಗೆದ, ತೊಳೆದು ಮಣ್ಣು ಬಿಡಿಸಿದ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಅಲ್ಲಿಂದ ಮುಂದಿನ ಕೆಲಸ ಅವನ ಕೈ ತಾನಾಗಿಯೇ ಮಾಡಿತು. ಒಂದು ಡಬ್ಬಿ ಮರಿಪುಡಿ, ನಾಲ್ಕು ಡಬ್ಬಿ ಮರಳು. ಗುಡ್ಡೆ ಮಾಡಿ, ನಡುವೆ ಗುಂಡಿ ತೋಡಿ, ನೀರು ಹಾಕಿ, ಕರಣೆಯಿಂದ ತಿರುವಿ ತಿರುವಿ ಹದಕ್ಕೆ ತಂದ. ತಟ್ಟೆಗೆ ಹಾಕಿ ಮೇಲ್ಮೈ ಎಳೆದು ಅಂಚು ಕತ್ತರಿಸಿದ. ನೋಡಿದರೆ ಗೋಡೆಗೇ ಹಚ್ಚಬಹುದಿತ್ತು.

ಮರಿಗಳು ಬಂದು ಕೊಕ್ಕು ತಾಗಿಸಿ, ತಲೆ ಓರೆ ಮಾಡಿ ಅವನ ಮುಖ ನೋಡಿದವು. ಒಂದು ಮರಿ ತಟ್ಟೆಯ ಮೇಲೆ ಹತ್ತಿ ಅತ್ತಿಂದಿತ್ತ ನಡೆಯಿತು. ಹಸಿ ನೆಲದ ಮೇಲೆ ಕಾಲಿಟ್ಟ ಕೂಲಿಯವನನ್ನು ಗದರಿಸುವಂತೆ ಮೇಸ್ತ್ರಿ ಅದನ್ನು ಗದರಿಸಿ, ಹೆಜ್ಜೆ ಗುರುತನ್ನು ಮತ್ತೆ ಒರೆಸಿದ. ಮಧ್ಯಾಹ್ನದ ಬಿಸಿಲಿಗೆ ಅದೆಲ್ಲ ಬಿಗಿದು ಬಿರುಕು ಬಿಟ್ಟಿತು.

ಅದೇ ಹೊತ್ತಿಗೆ ತಂಗಿಯ ಕಾಲು ನೋಡಲೆಂದು ಅತ್ತಿಗೆ ಬಂದಳು. ಯಾರೂ ಕರೆದಿರಲಿಲ್ಲ, ಕೈಯಲ್ಲಿದ್ದ ಚೀಲ ಮಾತ್ರ ದೊಡ್ಡದಿತ್ತು. ಕಾಲು ತೊಳೆಯಲು ಹಿತ್ತಿಲಿಗೆ ಹೋದವಳು ಆ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಮಂಚದ ಬಳಿಗೆ ಬಂದಳು.

"ಏನು ಮೇಸ್ತ್ರಿಗಳೇ, ಇದು ಮೇವಾ, ಮಾಳಿಗೆ ಗಾರೆಯಾ?"

ಹೆಂಡತಿ ತಟ್ಟೆ ನೋಡಿದಳು. ಕರಣೆ ಎಳೆದ ಗೆರೆ ನೋಡಿದಳು. ಗಂಡನ ಮುಖ ನೋಡಿದಳು. ಅತ್ತಿಗೆಯ ಚೀಲ ಬಾಗಿಲ ಬಳಿ ಇತ್ತು, ಅದನ್ನೂ ನೋಡಿದಳು. ಮೇಸ್ತ್ರಿಗೆ ತನ್ನ ಕಥೆ ಮುಗಿಯಿತೆನ್ನಿಸಿತು.

"ನಾನೇ ಹೇಳಿದ್ದು ಅಕ್ಕ, ಹೀಗೆ ಕಲಸಿ ಅಂತ" ಎಂದಳು ಅವಳು. "ಔಷಧಿ ಮಂಪರು, ಏನೋ ಹೇಳ್ಬಿಟ್ಟೆ."

ಅತ್ತಿಗೆ ಕುರ್ಚಿ ಎಳೆದು ಕೂತು ತಂಗಿಗೆ ಬುದ್ಧಿ ಹೇಳಿದಳು. ಮರಳನ್ನು ಮೇವಿನಲ್ಲಿ ಕಲಸಬಾರದು, ಬೇರೆ ಬಟ್ಟಲಲ್ಲಿಡಬೇಕು, ಬೇಕಾದಷ್ಟನ್ನು ಮರಿಯೇ ಆರಿಸಿಕೊಳ್ಳುತ್ತದೆ. ಮೊದಲು ಹೊಟ್ಟೆ ತುಂಬ ಪುಡಿ ತಿನ್ನಿಸಿ ಆಮೇಲೆ ಇಡಬೇಕು, ಹಸಿದಾಗ ಇಟ್ಟರೆ ಮರಳನ್ನೇ ಹೊಟ್ಟೆಗೆ ತುಂಬಿಕೊಳ್ಳುತ್ತವೆ. ಮೊಟ್ಟೆಯಿಡುವ ಕೋಳಿಗೆ ಹಾಕುವ ಚಿಪ್ಪಿನ ಚೂರು ಮರಿಗೆ ಕೂಡದು. ಹೆಂಡತಿ ಎಲ್ಲಕ್ಕೂ ತಲೆಯಾಡಿಸಿದಳು. ಆಮೇಲೆ ಅತ್ತಿಗೆ ತಾನೇ ಕೂತು ಮಂಕಾಗಿದ್ದ ಸಣ್ಣ ಮರಿಗೆ ನೀರು ಕುಡಿಸಿ, ಗಟ್ಟಿಯಾದ ಚೀಲವನ್ನು ಮೆಲ್ಲನೆ ನೀವಿದಳು. ಬಿಸಿಲು ಇಳಿಯುವ ಹೊತ್ತಿಗೆ ಮರಿ ಹೆಜ್ಜೆ ಹಾಕಿತು.

"ನಿನ್ನಷ್ಟು ಯಾರಿಗೆ ಗೊತ್ತು, ಅಕ್ಕ" ಎಂದಳು ಹೆಂಡತಿ. "ಅಲ್ಲಾ, ನಿನ್ನ ಕೋಳಿಗಳನ್ನ ಇವತ್ತು ಗೂಡಿಗೆ ಕೂಡೋರು ಯಾರು? ನಿಮ್ಮನೆಯವರಾ?"

ಅತ್ತಿಗೆಯ ಮುಖ ಬದಲಾಯಿತು. ತನ್ನ ಗಂಡನ ಮೇಲೆ ಅವಳಿಗಿದ್ದ ನಂಬಿಕೆಯೂ ಅಷ್ಟೇ. ಅವಳು ಕೇಳುವ ಮೊದಲೇ ಮೇಸ್ತ್ರಿ ಅವಳ ಚೀಲ ಹೊತ್ತು ಬಸ್ಸಿನ ಕಡೆ ನಡೆದ. ಅವಳೇ ಹಿಂದೆ ಓಡಬೇಕಾಯಿತು.

ಅವನು ಮರಳಿದಾಗ ಹೆಂಡತಿ ದಿಂಬಿಗೆ ಒರಗಿ ಕೂತಿದ್ದಳು.

"ಸೊಪ್ಪು ಹಾಕಿದ್ದು ಎಷ್ಟು ದಿನದಿಂದ?"

ಅವನು ತಲೆ ತುರಿಸಿಕೊಂಡ. ಅವೇ ಕೇಳಿದವು ಎಂದ.

"ನಿಮ್ಮನ್ನ ಉಳಿಸೋಕೆ ಸುಳ್ಳು ಹೇಳ್ದೆ ಅನ್ಕೋಬೇಡಿ. ಅವಳಿದ್ರೆ ನಾನು ನನ್ನ ಮಂಚದ ಮೇಲೇ ಕಾಲು ಚಾಚೋ ಹಾಗಿಲ್ಲ. ನಾಳೆಯಿಂದ ಸೊಪ್ಪು ಹಾಕಿ, ಸಣ್ಣಗೆ ಹೆಚ್ಚಿ. ಮರಳು ಬೇರೆ. ಕರಣೆ ಮುಟ್ಟೋ ಹಾಗಿಲ್ಲ."

ಅವನು ಹೂಂಗುಟ್ಟಿ, ನಾಳೆಯ ಸೊಪ್ಪನ್ನು ಆಗಲೇ ಹೆಚ್ಚಲು ಅಡುಗೆಮನೆಗೆ ಹೋದ. ಚಾಕುವಿನ ಸದ್ದು ಬಹಳ ನಿಧಾನವಾಗಿ, ಒಂದೇ ತಾಳದಲ್ಲಿ ಕೇಳುತ್ತಿತ್ತು. ಸ್ವಲ್ಪ ಹೊತ್ತು ಕಿವಿಗೊಟ್ಟ ಹೆಂಡತಿ ಮಂಚದಿಂದಲೇ ಕೂಗಿ ಹೇಳಿದಳು:

"ಎಲ್ಲಾ ಒಂದೇ ಅಳತೆಗೆ ಬರ್ಬೇಕು ಅಂತೇನಿಲ್ಲ, ಕೇಳಿಸ್ತಾ?"